ಚಾಂಪಿಯನ್ ಕೋಚ್ ಸ್ಕೂಲ್ ಬಸ್ ಓಡಿಸಿದರು!

ಬೆಳಿಗ್ಗೆ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತೀರಿ. ಬಸ್ಸು ಬರುತ್ತೆ, ನೂಕಾಡಿ ಹತ್ತುತ್ತೀರಿ, ಚಿಲ್ಲರೆಗೆ ಕಂಡಕ್ಟರ್ ಹತ್ತಿರ ಮಾತಿಗೆ ಮಾತು ಬೆಳೆಸುತ್ತೀರಿ, ಇಳಿದು ಹೋಗುತ್ತೀರಿ. ಸ್ಟಿಯರಿಂಗ್ ಹಿಡಿದು ಕೂತಿದ್ದ ಮನುಷ್ಯ ಯಾರು, ಎಂಥವನು ಅಂತ ಒಂದು ದಿನವಾದರೂ ಯೋಚಿಸಿದ್ದುಂಟಾ? ಇಲ್ಲ ಬಿಡಿ. ನಾವೂ ಯೋಚಿಸಿಲ್ಲ.

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯವಿದೆ. ರಾಜಧಾನಿ ವಾಷಿಂಗ್ಟನ್ ಬೇರೆ, ಇದು ಬೇರೆ. ಅಲ್ಲಿ ಸ್ಕ್ವಿಮ್ ಎಂಬ ಸಣ್ಣ ಊರು. 1970ರ ದಶಕದಲ್ಲಿ ಆ ಊರಿನ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಬಸ್ಸಿಗೆ ಒಬ್ಬರು ವಯಸ್ಸಾದ ಡ್ರೈವರ್ ಇದ್ದರು. ಹೆಸರು ಫಿಲ್ ವುಲ್ಪರ್ಟ್. ಈ ಡ್ರೈವರ್ ಒಂದು ಕಾಲಕ್ಕೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಸತತ ಎರಡು ವರ್ಷ ರಾಷ್ಟ್ರೀಯ ಚಾಂಪಿಯನ್ ಆದ ತಂಡದ ಕೋಚ್. ಅವರ ತಂಡ ಒಂದೂ ಸೋಲದೆ ಸತತವಾಗಿ 60 ಆಟ ಗೆದ್ದಿತ್ತು. ಆಗಿನ ಕಾಲಕ್ಕೆ ಅದು ದಾಖಲೆ!

ಈ ಅಂಕಣದಲ್ಲಿ ಚರಂಡಿ, ಬೀದಿ ದೀಪ, ಮಾರ್ಕೆಟ್ಟಿನ ಕಸ ಇವುಗಳ ವಿಚಾರ ಬರೆಯುವುದು ವಾಡಿಕೆ. ಇವತ್ತು ಮಾತ್ರ ದೂರದ ಊರಿನ ಕಥೆ. ಯಾಕಂತೀರಾ? ನಮ್ಮ ಕಾಲೇಜು ಟೀಮು ಆ ಕಾಲದಲ್ಲಿ ಹೇಗಿತ್ತು ಗೊತ್ತೇನ್ರೀ, ಮತ್ತೆ ಅಂಥ ಕಾಲ ಬರುತ್ತಾ, ಅಂತ ನಿಟ್ಟುಸಿರು ಬಿಡುವ ಜನ ಇಲ್ಲದ ಊರು ಪ್ರಪಂಚದಲ್ಲಿಲ್ಲ. ಆ ನಿಟ್ಟುಸಿರಿನ ಒಳಗೆ ಏನಿರುತ್ತೆ ಅನ್ನುವುದಕ್ಕೆ ಈ ಬಸ್ ಡ್ರೈವರ್ ಕಥೆಗಿಂತ ಒಳ್ಳೆಯ ಪಾಠ ಸಿಗಲಾರದು.

ಗೂಡಿಲ್ಲದ ಟೀಮು

ವುಲ್ಪರ್ಟ್ ಹುಟ್ಟಿದ್ದು 1915ರಲ್ಲಿ, ಕೆಂಟಕಿ ರಾಜ್ಯದಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿನ ಲೊಯೋಲಾ ಕಾಲೇಜಿನ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದರು. ಅವರ ಜೊತೆಗೆ ಆಡುತ್ತಿದ್ದ ಗೆಳೆಯ ಪೀಟ್ ನ್ಯೂವೆಲ್. ಈ ನ್ಯೂವೆಲ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಕೋಚ್ ಆಗಿ, 1949ರಲ್ಲಿ ನ್ಯೂಯಾರ್ಕಿನ ದೊಡ್ಡ ಆಹ್ವಾನ ಟೂರ್ನಮೆಂಟ್ ಗೆದ್ದುಕೊಟ್ಟರು. 1950ರಲ್ಲಿ ಅವರು ಬೇರೆ ಕಡೆ ಹೊರಟಾಗ ಆ ಜಾಗಕ್ಕೆ ಬಂದವರು ವುಲ್ಪರ್ಟ್. ಅಲ್ಲಿಯ ತನಕ ಅದೇ ಊರಿನ ಸೇಂಟ್ ಇಗ್ನೇಷಿಯಸ್ ಹೈಸ್ಕೂಲಿನಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದರು.

ವಿಶ್ವವಿದ್ಯಾಲಯ ಅಂದ ಕೂಡಲೇ ಭಾರೀ ಮೈದಾನ, ಭಾರೀ ಕಟ್ಟಡ ಅಂತ ಊಹಿಸಬೇಡಿ. ಜೆಸ್ಯೂಟ್ ಪಾದ್ರಿಗಳು 1855ರಲ್ಲಿ ಶುರುಮಾಡಿದ ಸಂಸ್ಥೆ ಅದು. ಬ್ಯಾಸ್ಕೆಟ್‌ಬಾಲ್ ಆಡಲು ಸ್ವಂತ ಒಳಾಂಗಣವೇ ಇರಲಿಲ್ಲ! ಅಭ್ಯಾಸಕ್ಕೆ ಹೈಸ್ಕೂಲಿನವರ ಜಾಗ, ಪಂದ್ಯಕ್ಕೆ ಊರಿನ ಕೆಜಾರ್ ಪೆವಿಲಿಯನ್. ದೊಡ್ಡ ಪಂದ್ಯವಾದರೆ ಕೌ ಪ್ಯಾಲೇಸ್. ಹೆಸರೇ ಹೇಳುವ ಹಾಗೆ ದನಗಳ ಪ್ರದರ್ಶನಕ್ಕೆಂದು ಕಟ್ಟಿದ ಕಟ್ಟಡ. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವರಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಮೂರು ಸಾಲು ವುಲ್ಪರ್ಟ್‌ಗೆ ಬರೀ ನಷ್ಟದ ಲೆಕ್ಕ. ಮೊದಲ ವರ್ಷ 9 ಗೆಲುವು, 17 ಸೋಲು. ಎರಡನೇ ವರ್ಷ 11 ಗೆಲುವು, 13 ಸೋಲು. ಮೂರನೆಯದು 10ಕ್ಕೆ 11. ಆದರೂ ಸಂಸ್ಥೆ ಅವರನ್ನು ಮನೆಗೆ ಕಳಿಸಲಿಲ್ಲ. ಈಗಿನ ಕಾಲವಾಗಿದ್ದರೆ ಎರಡನೇ ವರ್ಷಕ್ಕೇ ಗಂಟುಮೂಟೆ ಕಟ್ಟಬೇಕಾಗಿತ್ತು. ಗತವೈಭವ ನೆನೆಯುವವರು ಈ ಮೂರು ವರ್ಷವನ್ನು ಮಾತ್ರ ನೆನೆಯುವುದಿಲ್ಲ ನೋಡಿ.

ಯಾರಿಗೂ ಬೇಡವಾಗಿದ್ದ ಹುಡುಗ

ಸ್ಯಾನ್ ಫ್ರಾನ್ಸಿಸ್ಕೋ ಎದುರಿಗೆ ಕೊಲ್ಲಿಯ ಆಚೆ ದಡದಲ್ಲಿ ಓಕ್‌ಲ್ಯಾಂಡ್ ಊರು. ಅಲ್ಲಿ ಒಬ್ಬ ಉದ್ದನೆಯ, ಸಣಕಲ ಕಪ್ಪು ಹುಡುಗ ಹೈಸ್ಕೂಲ್ ಮುಗಿಸಿದ್ದ. ಹೈಸ್ಕೂಲ್ ಟೀಮಿನಲ್ಲೂ ಅವನೇನು ಹೀರೋ ಅಲ್ಲ. ಅಷ್ಟೊಂದು ಕಾಲೇಜುಗಳಿರುವ ದೇಶದಲ್ಲಿ ಅವನಿಗೆ ಸ್ಕಾಲರ್‌ಷಿಪ್ ಕೊಡಲು ಮುಂದೆ ಬಂದದ್ದು ಒಂದೇ ಒಂದು ಸಂಸ್ಥೆ, ಇದೇ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ. ಹುಡುಗನ ಹೆಸರು ಬಿಲ್ ರಸೆಲ್. ಅವನ ರೂಮ್‌ಮೇಟ್ ಕೆ.ಸಿ. ಜೋನ್ಸ್, ಅವನೂ ಕಪ್ಪು ಹುಡುಗನೇ.

ಆ ಕಾಲದಲ್ಲಿ ಕೋಚ್‌ಗಳ ಶಾಸ್ತ್ರ ಬೇರೆ ಇತ್ತು. ಎದುರಾಳಿಯನ್ನು ತಡೆಯುವವನು ಎರಡೂ ಕಾಲು ನೆಲದ ಮೇಲೆ ಊರಿ ನಿಲ್ಲಬೇಕು, ಎಗರಬಾರದು. ರಸೆಲ್ ಮಾತ್ರ ಎಗರಿ, ಬುಟ್ಟಿಯ ಕಡೆ ಹೊರಟ ಚೆಂಡನ್ನು ಗಾಳಿಯಲ್ಲೇ ತಡೆಯುತ್ತಿದ್ದ. ಮೊದಮೊದಲು ವುಲ್ಪರ್ಟ್‌ಗೂ ಇದು ಹಿಡಿಸಲಿಲ್ಲ. ಆದರೆ ಕಣ್ಣೆದುರು ನಡೆಯುವುದನ್ನು ನೋಡಿಯೂ ಹಟ ಹಿಡಿಯುವ ಜಾತಿಯವರಲ್ಲ ಅವರು. ಪಾಯಿಂಟ್ ಹೊಡೆಯುವುದಕ್ಕಿಂತ ಎದುರಾಳಿಗೆ ಪಾಯಿಂಟ್ ಕೊಡದಿರುವುದೇ ಆಟ ಅನ್ನುವುದು ಅವರ ನಂಬಿಕೆಯಾಗಿತ್ತು. ಅದಕ್ಕೆ ಈ ಹುಡುಗನೇ ಗೋಡೆಯಾದ.

ಈಗ ಮುಖ್ಯ ಮಾತಿಗೆ ಬರೋಣ. 1954ರ ಮೇ ತಿಂಗಳಲ್ಲಷ್ಟೇ ಅಮೆರಿಕದ ಸುಪ್ರೀಂ ಕೋರ್ಟು ಕಪ್ಪು ಮಕ್ಕಳಿಗೆ ಬೇರೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ನಡೆಸುವುದು ತಪ್ಪು ಅಂತ ತೀರ್ಪು ಕೊಟ್ಟಿತ್ತು. ತೀರ್ಪು ಕಾಗದದಲ್ಲಿತ್ತು, ಜನರ ಮನಸ್ಸು ಹಾಗೇ ಇತ್ತು. ಎಷ್ಟೋ ಕಾಲೇಜುಗಳಲ್ಲಿ ಕಪ್ಪು ಆಟಗಾರರೇ ಇರಲಿಲ್ಲ. ಇದ್ದ ಕಡೆ ಒಬ್ಬರೋ ಇಬ್ಬರೋ ಸಾಕು, ಅದಕ್ಕಿಂತ ಹೆಚ್ಚಾಗಬಾರದು ಅನ್ನುವ ಬರೆಯದ ಕಾನೂನು. 1954-55ರ ಸಾಲಿನಲ್ಲಿ ವುಲ್ಪರ್ಟ್ ರಸೆಲ್, ಜೋನ್ಸ್, ಹ್ಯಾಲ್ ಪೆರಿ ಮೂವರನ್ನೂ ಶುರುವಿನ ಐದು ಜನರಲ್ಲಿ ಇಳಿಸಿಬಿಟ್ಟರು. ದೊಡ್ಡ ಕಾಲೇಜು ತಂಡಗಳಲ್ಲಿ ಹೀಗೆ ಮಾಡಿದವರು ಅವರೇ ಮೊದಲು. ಟೀಕೆ ಬಂತು, ಬೈಗುಳದ ಕಾಗದ ಬಂದವು. ಅವರದು ಒಂದೇ ಲೆಕ್ಕ: ಇರುವವರಲ್ಲಿ ಒಳ್ಳೆಯ ಐದು ಜನ ಆಡಬೇಕು. ಬಣ್ಣ ನೋಡುವುದು ಕೋಚ್ ಕೆಲಸವಲ್ಲ.

ಈ ಗುಣ ಆ ಸಂಸ್ಥೆಯ ಮಣ್ಣಿನಲ್ಲೂ ಇತ್ತೆನ್ನಬೇಕು. 1951ರಲ್ಲಿ ಅದರ ಫುಟ್‌ಬಾಲ್ ತಂಡ ಆಡಿದ ಒಂಬತ್ತಕ್ಕೆ ಒಂಬತ್ತೂ ಗೆದ್ದಿತ್ತು. ಇಬ್ಬರು ಕಪ್ಪು ಆಟಗಾರರನ್ನು ಮನೆಯಲ್ಲಿ ಬಿಟ್ಟು ಬಂದರೆ ವರ್ಷಾಂತ್ಯದ ದೊಡ್ಡ ಪಂದ್ಯಕ್ಕೆ ಜಾಗ ಅನ್ನುವ ಸೂಚನೆ ಬಂತು. ಹುಡುಗರು ಒಪ್ಪಲಿಲ್ಲ. ಪಂದ್ಯ ಕೈತಪ್ಪಿತು. ಖರ್ಚು ತಾಳಲಾರದೆ ಆ ಫುಟ್‌ಬಾಲ್ ತಂಡವನ್ನೇ ಮುಚ್ಚಬೇಕಾಯಿತು.

1954ರ ಡಿಸೆಂಬರಿನಲ್ಲಿ ವುಲ್ಪರ್ಟ್ ತಂಡ ಓಕ್ಲಹೋಮ ಸಿಟಿಗೆ ಟೂರ್ನಮೆಂಟ್ ಆಡಲು ಹೋಯಿತು. ಊರಿನ ಹೋಟೆಲುಗಳಲ್ಲಿ ಕಪ್ಪು ಹುಡುಗರಿಗೆ ರೂಮು ಇಲ್ಲ. ಬಿಳಿಯರು ಹೋಟೆಲಿನಲ್ಲಿ, ಕರಿಯರು ಬೇರೆಲ್ಲೋ ಅಂತ ಹಂಚಿಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ರಜೆಯಿಂದ ಖಾಲಿ ಬಿದ್ದಿದ್ದ ಒಂದು ಹಾಸ್ಟೆಲಿನಲ್ಲಿ ಇಡೀ ತಂಡ ಒಟ್ಟಿಗೆ ಮಲಗಿತು. ಅಭ್ಯಾಸ ಮಾಡುವಾಗ ಜನ ಗೇಲಿ ಮಾಡಿ ಚಿಲ್ಲರೆ ಕಾಸು ಎಸೆದರು. ಹುಡುಗರು ಆ ಟೂರ್ನಮೆಂಟ್ ಗೆದ್ದು ಊರಿಗೆ ಬಂದರು.

ಅರವತ್ತಕ್ಕೆ ಅರವತ್ತು

ಅದೇ ಡಿಸೆಂಬರಿನ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ. ತಂಡದ ಕೈಲಿ 47-40ರಲ್ಲಿ ಸೋತಿದ್ದರು. ಆಮೇಲೆ ಸೋಲೆಂಬುದು ಮರೆತೇ ಹೋಯಿತು. ಆ ಸಾಲಿನಲ್ಲಿ ಉಳಿದ 26 ಆಟವನ್ನೂ ಗೆದ್ದರು. 1955ರ ಮಾರ್ಚಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಫೈನಲ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಲಾ ಸಾಲ್ ತಂಡ. ರಸೆಲ್ 23 ಪಾಯಿಂಟ್ ಹೊಡೆದ. ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು 25 ಸಲ ಹಿಡಿದ. ಜೋನ್ಸ್ 24 ಪಾಯಿಂಟ್ ತಂದ. ಫಲಿತಾಂಶ 77-63. ಮರುವರ್ಷ 29ಕ್ಕೆ 29! ಫೈನಲ್‌ನಲ್ಲಿ ಜೋನ್ಸ್‌ಗೆ ನಿಯಮದ ಪ್ರಕಾರ ಆಡುವಂತಿರಲಿಲ್ಲ, ಆದರೂ ಅಯೋವಾ ತಂಡವನ್ನು 83-71ರಲ್ಲಿ ಸೋಲಿಸಿದರು. ಇಡೀ ಸಾಲಿನಲ್ಲಿ ಒಂದೂ ಸೋಲದೆ ಈ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೊದಲ ತಂಡ ಅದು. ಬುಟ್ಟಿಯ ಕೆಳಗೆ ರಸೆಲ್ ಆರ್ಭಟ ನೋಡಿ ಆಟದ ಕಾನೂನನ್ನೇ ತಿದ್ದಿದರು. ಅಲ್ಲಿನ ಪಟ್ಟೆಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು.

1956ರಲ್ಲಿ ರಸೆಲ್, ಜೋನ್ಸ್ ಇಬ್ಬರೂ ಓದು ಮುಗಿಸಿ ಹೊರಟರು. ಅದೇ ವರ್ಷ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದರು. ಮುಂದೆ ಬಾಸ್ಟನ್ ಸೆಲ್ಟಿಕ್ಸ್ ಸೇರಿ ರಸೆಲ್ 13 ವರ್ಷದಲ್ಲಿ 11 ಸಲ ವೃತ್ತಿಪರ ಚಾಂಪಿಯನ್ ಆದದ್ದು ಲೋಕಪ್ರಸಿದ್ಧ. ಇತ್ತ ಉಳಿದ ಹುಡುಗರು ಇನ್ನೂ ಐದು ಆಟ ಗೆದ್ದರು. 1956ರ ಡಿಸೆಂಬರಿನಲ್ಲಿ ಇಲಿನಾಯ್ ತಂಡ 62-33ರಲ್ಲಿ ಬಡಿದು 60ಕ್ಕೆ ಪೂರ್ಣವಿರಾಮ ಹಾಕಿತು. ಆದರೂ 1957ರಲ್ಲಿ ವುಲ್ಪರ್ಟ್ ತಂಡ ದೇಶದ ಕೊನೆಯ ನಾಲ್ಕರೊಳಗೆ ಬಂತು.

ಗೂಡು ಬಂತು, ಹಕ್ಕಿ ಹಾರಿತು

ಗೆಲುವಿನ ಉತ್ಸಾಹದಲ್ಲಿ 1958ರಲ್ಲಿ ಸ್ವಂತ ಒಳಾಂಗಣ ಎದ್ದಿತು. ವಿಧಿಯಾಟ ನೋಡಿ, ಆ ಸಾಲಿನಲ್ಲೇ 6 ಗೆಲುವು, 20 ಸೋಲು! ಸೋಲು ಗೆಲುವುಗಳ ಒತ್ತಡ ವುಲ್ಪರ್ಟ್‌ರನ್ನು ಹಣ್ಣು ಮಾಡಿತ್ತು. 1959ರಲ್ಲಿ ಬಿಟ್ಟು ಹೊರಟರು. ಒಂಬತ್ತು ಸಾಲಿನ ಅಂತಿಮ ಲೆಕ್ಕ 153 ಗೆಲುವು, 78 ಸೋಲು.

ಆಮೇಲೆ 1962ರಿಂದ ಸ್ಯಾನ್ ಡಿಯೇಗೋ ವಿಶ್ವವಿದ್ಯಾಲಯದಲ್ಲಿ ಕೋಚ್ ಆದರು. ಹೆಸರಿಲ್ಲದ ಸಣ್ಣ ತಂಡ. ಅಲ್ಲಿ ಬರ್ನಿ ಬಿಕರ್‌ಸ್ಟಾಫ್ ಎಂಬ ಕಪ್ಪು ಹುಡುಗನನ್ನು ಆಟಗಾರನಾಗಿ ತೆಗೆದುಕೊಂಡು, ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. 1969ರಲ್ಲಿ ತಮ್ಮ ಕುರ್ಚಿಯಲ್ಲಿ ಕೂರುವಷ್ಟು ಅವನು ಬೆಳೆದಿದ್ದ. ಈ ಬಿಕರ್‌ಸ್ಟಾಫ್ ಮುಂದೆ ವೃತ್ತಿಪರ ತಂಡಗಳಿಗೇ ಕೋಚ್ ಆದರು. ಕುರ್ಚಿ ಬಿಟ್ಟುಕೊಡುವುದೂ ಒಂದು ವಿದ್ಯೆ ಸ್ವಾಮಿ, ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ ಹೇಳಿ.

ಆಮೇಲೆ ವುಲ್ಪರ್ಟ್ ಹೊರಟು ಸ್ಕ್ವಿಮ್ ಸೇರಿದರು. ಸ್ಕೂಲ್ ಬಸ್ಸಿನ ಸ್ಟಿಯರಿಂಗ್ ಹಿಡಿದರು.

ಬೀಗ ಹಾಕಿದ ಅಂಗಡಿ

ಇತ್ತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಕಾಲ ಮತ್ತೆ ಬರಲೇಬೇಕು ಅನ್ನುವ ಆಸೆ ಆರಲಿಲ್ಲ. 1976-77ರಲ್ಲಿ ಬಂದೇಬಿಟ್ಟಿತು ಅನ್ನಿಸಿತು. ಬಿಲ್ ಕಾರ್ಟ್‌ರೈಟ್ ಎಂಬ ಎತ್ತರದ ಆಟಗಾರನಿದ್ದ ತಂಡ ಮೊದಲ 29 ಆಟ ಸತತ ಗೆದ್ದು ದೇಶಕ್ಕೇ ನಂಬರ್ ಒನ್ ಆಯಿತು. ಆದರೆ ಚಾಂಪಿಯನ್ ಆಗಲಿಲ್ಲ. ಆಸೆ ಅತಿಯಾದಾಗ ತಕ್ಕಡಿಗೆ ಕೈ ಹೋಗುತ್ತೆ. ಕಾಲೇಜು ಆಟಗಾರರಿಗೆ ಸಂಬಳ ಕೊಡುವಂತಿರಲಿಲ್ಲ. ಇಲ್ಲಿ ಹಿಂಬಾಗಿಲಿನಿಂದ ದುಡ್ಡು ಹರಿಯಿತು. ಕ್ರೀಡಾ ಮಂಡಳಿ ಎರಡು ಸಲ ಶಿಸ್ತು ಕ್ರಮ ಕೈಗೊಂಡರೂ ಚಾಳಿ ಬಿಡಲಿಲ್ಲ. ಕೊನೆಗೆ ಒಬ್ಬ ಪ್ರಮುಖ ಆಟಗಾರ ಗಂಭೀರವಾದ ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಬಿದ್ದ. ವಿಚಾರಿಸಿದರೆ, ಮಾಡದ ಕೆಲಸಕ್ಕೆ ತಿಂಗಳಿಗೆ 1,000 ಡಾಲರ್ ಸಂಬಳ ಬರುತ್ತಿತ್ತೆಂದು ಅವನೇ ಹೇಳಿದ!

ವಿಶ್ವವಿದ್ಯಾಲಯದ ಅಧ್ಯಕ್ಷರು ಪಾದ್ರಿ ಜಾನ್ ಲೋ ಶಿಯಾವೋ. 1982ರ ಜುಲೈ ತಿಂಗಳಲ್ಲಿ ಅವರು ಯಾರೂ ಊಹಿಸದ ಕೆಲಸ ಮಾಡಿದರು. ಮೇಲಿನವರು ಹೇಳುವ ಮೊದಲೇ, ತಮ್ಮ ಕೈಯಾರೆ, ಬ್ಯಾಸ್ಕೆಟ್‌ಬಾಲ್ ತಂಡವನ್ನೇ ಮುಚ್ಚಿಬಿಟ್ಟರು. ರಸೆಲ್ ಆಡಿದ ತಂಡ, 60 ಗೆದ್ದ ತಂಡ, ಬೀಗ! ವ್ಯಾಪಾರ ಗೊತ್ತಿದ್ದವರಿಗೆ ಇದರ ಕಷ್ಟ ಅರ್ಥವಾಗುತ್ತೆ. ಕಲಬೆರಕೆ ಮಾಲು ಮಾರುವುದಕ್ಕಿಂತ ಅಪ್ಪನ ಕಾಲದ ಅಂಗಡಿಗೆ ಬಾಗಿಲು ಹಾಕುವುದೇ ಮೇಲು ಅನ್ನಲು ಎಂಟೆದೆ ಬೇಕು.

ಮೂರು ಸಾಲು ಆಟವಿಲ್ಲ. 1985ರಲ್ಲಿ ಬೀಗ ತೆಗೆದರು. ಕೋಚ್ ಆಗಿ ಬಂದವರು ಅದೇ ಸಂಸ್ಥೆಯ ಹಳೆಯ ಆಟಗಾರ ಜಿಮ್ ಬ್ರೊವೆಲ್ಲಿ. ಅವರು ಅದಕ್ಕೆ ಮುಂಚೆ ಇದ್ದದ್ದು ವುಲ್ಪರ್ಟ್ ಕೂತಿದ್ದ ಸ್ಯಾನ್ ಡಿಯೇಗೋ ಕುರ್ಚಿಯಲ್ಲಿ! ಶುರುವಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ರಾಷ್ಟ್ರೀಯ ಟೂರ್ನಮೆಂಟಿಗೆ ಮತ್ತೆ ಕಾಲಿಡಲು 1998ರ ತನಕ ಕಾಯಬೇಕಾಯಿತು. ಆಮೇಲೆ ಇನ್ನೂ 24 ವರ್ಷ ಕಾದು 2022ರಲ್ಲಿ ಮತ್ತೊಮ್ಮೆ ಹೋದರು. ಮೊದಲ ಪಂದ್ಯದಲ್ಲೇ ಹೆಚ್ಚುವರಿ ವೇಳೆಯಲ್ಲಿ ಮರ್ರೇ ಸ್ಟೇಟ್ ತಂಡಕ್ಕೆ 92-87ರಲ್ಲಿ ಸೋತರು. ಸೋತರೂ ಹಳಬರ ಕಣ್ಣು ಒದ್ದೆಯಾಗಿದ್ದರೆ ಆಶ್ಚರ್ಯವಿಲ್ಲ.

ವುಲ್ಪರ್ಟ್ 1987ರ ಮೇ ತಿಂಗಳಲ್ಲಿ ಸ್ಕ್ವಿಮ್‌ನಲ್ಲೇ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 71. ಬ್ಯಾಸ್ಕೆಟ್‌ಬಾಲ್ ಲೋಕದ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 1992ರಲ್ಲಿ. ಬದುಕಿದ್ದಾಗ ಮರೆತು, ಸತ್ತ ಮೇಲೆ ಹಾರ ಹಾಕುವ ಪದ್ಧತಿ ಅಮೆರಿಕದಲ್ಲೂ ಇದೆ ಅಂತಾಯಿತು.

ಗತವೈಭವ ಮರಳಿ ಬರಲಿ ಅನ್ನುವುದು ತಪ್ಪಲ್ಲ. ಆದರೆ ಏನನ್ನು ಮರಳಿ ಕೇಳುತ್ತಿದ್ದೇವೆ ಅಂತ ಗೊತ್ತಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದವರು ಪ್ರಶಸ್ತಿಯನ್ನು ಮರಳಿ ಕೇಳಿದಾಗ ಅಂಗಡಿಯೇ ಮುಚ್ಚಿತು. ವುಲ್ಪರ್ಟ್ ಕಾಲದಲ್ಲಿ ಕಟ್ಟಡ ಇರಲಿಲ್ಲ, ದುಡ್ಡು ಇರಲಿಲ್ಲ, ಮೊದಲ ಮೂರು ವರ್ಷ ಗೆಲುವೂ ಇರಲಿಲ್ಲ. ಇದ್ದದ್ದು ತಾಳ್ಮೆ, ಮತ್ತು ಯಾರಿಗೂ ಬೇಡದ ಹುಡುಗನಿಗೆ ಜಾಗ ಕೊಡುವ ಮನಸ್ಸು. ಅದು ಮರಳಿ ಬಂದರೆ ಉಳಿದದ್ದು ತಾನಾಗಿ ಬರಬಹುದು. ಬರದಿದ್ದರೂ ನಾಚಿಕೆಪಡುವಂಥದ್ದೇನಿಲ್ಲ.

ಅಂದಹಾಗೆ, ನಾಳೆ ಬಸ್ಸು ಇಳಿಯುವಾಗ ಡ್ರೈವರ್ ಮುಖ ಒಂದು ಸಲ ನೋಡಿ.