ಬೆಳಕಿಗೆ ಲೆಕ್ಕ ಇಟ್ಟ ಆನ್ಸೆಲ್ ಆಡಮ್ಸ್

ಒಂದು ಸೂರ್ಯೋದಯಕ್ಕೆ ಫೋನಿನಲ್ಲಿ ಐವತ್ತು ಫೋಟೋ ಹೊಡೆದು, ಒಂದನ್ನು ಸ್ಟೇಟಸ್‌ಗೆ ಹಾಕಿ, ಉಳಿದದ್ದನ್ನು ಅಳಿಸಿಬಿಡೋ ಕಾಲ ನಮ್ಮದು. ಎಂಟು ಇಂಚು ಅಗಲ, ಹತ್ತು ಇಂಚು ಉದ್ದದ ಫಿಲ್ಮ್ ಹಾಳೆಗಳನ್ನು ಒಂದೊಂದಾಗಿ ಕ್ಯಾಮೆರಾದೊಳಗೆ ಇಟ್ಟು ಬೆಳಕಿಗಾಗಿ ಕಾಯುತ್ತಿದ್ದ ಒಬ್ಬರ ಕಥೆ ಇದು.

ಆನ್ಸೆಲ್ ಆಡಮ್ಸ್ ಹುಟ್ಟಿದ್ದು 1902ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1906ರ ಭೂಕಂಪದ ಸಮಯದಲ್ಲಿ ಬಿದ್ದು ಮೂಗು ಮುರಿಯಿತು, ಅದು ಕೊನೆಯವರೆಗೂ ಸೊಟ್ಟಗೇ ಉಳಿಯಿತು. ತರಗತಿಯಲ್ಲಿ ಸುಮ್ಮನೆ ಕೂರುವ ಹುಡುಗ ಅಲ್ಲ. ತಂದೆ ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದರು. ಹುಡುಗ ಪಿಯಾನೋ ಹಿಡಿದ, ದಿನಗಟ್ಟಲೆ ಸಾಧನೆ ಮಾಡಿದ. 1916ರಲ್ಲಿ ಯೊಸೆಮಿಟಿ ಕಣಿವೆಗೆ ಹೋದಾಗ ಅಪ್ಪ ಅಮ್ಮ ಒಂದು ಕೊಡಾಕ್ ಬ್ರೌನಿ ಕ್ಯಾಮೆರಾ ಕೊಡಿಸಿದರು. ಪಿಯಾನೋನಾ, ಕ್ಯಾಮೆರಾನಾ ಅನ್ನೋ ಗೊಂದಲ ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರು ನಿಂತಾಗ ಅವರ ಹತ್ತಿರ ಉಳಿದಿದ್ದದ್ದು ಎರಡೇ ಗಾಜಿನ ಪ್ಲೇಟು. ಹಳದಿ ಫಿಲ್ಟರ್ ಹಾಕಿ ಮೊದಲನೆಯದನ್ನು ತೆಗೆದರು. ತೆಗೆದ ಕೂಡಲೇ, ಆಕಾಶ ಸಪ್ಪೆಯಾಗಿ ಬರುತ್ತೆ ಅಂತ ಹೊಳೆಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದಲ್ಲ, ಆಕಾಶ ಹೆಚ್ಚುಕಡಿಮೆ ಕಪ್ಪಾಗಿ ಬಂತು. ಚಿತ್ರ ಹೇಗಿರಬೇಕು ಅಂತ ಮೊದಲೇ ಮನಸ್ಸಿನಲ್ಲಿ ಕಂಡು, ಆಮೇಲೆ ಶಟರ್ ಒತ್ತುವ ಅಭ್ಯಾಸ ಅಲ್ಲಿಂದ ಗಟ್ಟಿಯಾಯಿತು.

ಅದನ್ನೇ ಅವರು 1940ರ ಸುಮಾರಿಗೆ, ಫ್ರೆಡ್ ಆರ್ಚರ್ ಜೊತೆ ಸೇರಿ, ಒಂದು ಲೆಕ್ಕಕ್ಕೆ ಇಳಿಸಿದರು. ಅದೇ ಝೋನ್ ಸಿಸ್ಟಮ್. ಅಪ್ಪಟ ಕಪ್ಪಿನಿಂದ ಅಪ್ಪಟ ಬಿಳುಪಿನವರೆಗೆ, ಸೊನ್ನೆಯಿಂದ ಹತ್ತು ಅಂತ ಹನ್ನೊಂದು ಮೆಟ್ಟಿಲು. ಒಂದು ಮೆಟ್ಟಿಲು ಮೇಲೆ ಹತ್ತಿಸಬೇಕಾದರೆ ಎಕ್ಸ್‌ಪೋಷರ್ ಎರಡರಷ್ಟು. ಅಂದರೆ ನಮ್ಮ ಲಾಗ್ ಸ್ಕೇಲೇ!

ಮಂಜು ಮುಸುಕಿದ ಕೆರೆಯನ್ನೇ ತಗೊಳ್ಳಿ. ಲೈಟ್ ಮೀಟರ್‌ಗೆ ಮಂಜೂ ಗೊತ್ತಿಲ್ಲ, ಕೆರೆಯೂ ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಅದು ನಡುವಿನ ಬೂದು, ಅಂದರೆ ಐದನೇ ಮೆಟ್ಟಿಲು ಅಂತಲೇ ಅದರ ನಂಬಿಕೆ. ಅದು ಹೇಳಿದ ಹಾಗೇ ತೆಗೆದರೆ ಬೆಳ್ಳಗಿನ ಮಂಜು ಹೊಗೆ ಬಣ್ಣಕ್ಕೆ ತಿರುಗುತ್ತದೆ. ಮಂಜು ಆರನೆಯದೋ ಏಳನೆಯದೋ ಮೆಟ್ಟಿಲಲ್ಲಿರಬೇಕು ಅಂತ ನಾವು ತೀರ್ಮಾನ ಮಾಡಿ, ಒಂದೋ ಎರಡೋ ಸ್ಟಾಪ್ ಬೆಳಕು ಹೆಚ್ಚಿಗೆ ಕೊಡಬೇಕು. ಅಳೆಯೋದು ಯಂತ್ರ, ನಿರ್ಧಾರ ಮನುಷ್ಯನದು.

ಈ ಲೆಕ್ಕ ಎಷ್ಟು ಬಾಯಿಪಾಠ ಆಗಿತ್ತು ಅನ್ನೋದಕ್ಕೆ 1941ರ ಒಂದು ಸಂಜೆ ಸಾಕ್ಷಿ. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿ, ಮೇಲೆ ಚಂದ್ರ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಹುಡುಕಿದರೆ ಮೀಟರ್ ಕೈಗೇ ಸಿಗಲಿಲ್ಲ. ಚಂದ್ರನ ಹೊಳಪಿನ ಅಳತೆ ಅವರಿಗೆ ನೆನಪಿತ್ತು. ಅದರ ಮೇಲೆಯೇ ಲೆಕ್ಕ ಕಟ್ಟಿ ಒಂದು ಫಿಲ್ಮ್ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಅವರ ಅತ್ಯಂತ ಹೆಸರಾದ ಚಿತ್ರ ಅದೇ ಆಯಿತು.

1946ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು, ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಚಿತ್ರ ತೆಗೆಯಲಿಕ್ಕೆ. ಮರುವರ್ಷ ಮಗ ಮೈಕೇಲ್ ಜೊತೆ ಅಲಾಸ್ಕಾದ ವಂಡರ್ ಲೇಕ್‌ಗೆ ಹೋದರು. ಅಲ್ಲಿನ ಬೇಸಿಗೆಯಲ್ಲಿ ರಾತ್ರಿ ಅನ್ನೋದೇ ಪುಟ್ಟದು. ನಾವು ಗಾಢ ನಿದ್ದೆಯಲ್ಲಿರುವ ಒಂದೂವರೆ ಗಂಟೆ ಹೊತ್ತಿಗೇ ಅಲ್ಲಿ ಬೆಳಕು ಹರಿಯುತ್ತದೆ. ಸರೋವರದಾಚೆ 20,310 ಅಡಿ ಎತ್ತರದ ಮೆಕಿನ್ಲಿ ಪರ್ವತಕ್ಕೆ, ದೆನಾಲಿ ಅಂತಲೂ ಕರೆಯುವ ಬೆಟ್ಟಕ್ಕೆ, ಮೊದಲ ಬೆಳಕು ತಾಗಿತು. ನಡುವಿನ ಗುಡ್ಡಗಳು ಇನ್ನೂ ಕತ್ತಲಲ್ಲಿ, ನೀರು ಮಾತ್ರ ಬೆಳ್ಳಿ ತಟ್ಟೆಯ ಹಾಗೆ. ಚಿತ್ರ ತೆಗೆದ ಸ್ವಲ್ಪ ಹೊತ್ತಿನಲ್ಲೇ ಮೋಡ ಬಂದು ಬೆಟ್ಟವನ್ನು ಮುಚ್ಚಿಬಿಟ್ಟಿತು.

ಫಿಲ್ಮ್ ತೊಳೆದರೆ ಕೆಲಸ ಮುಗಿಯಿತು ಅಂತ ಆಡಮ್ಸ್ ಎಂದೂ ಅಂದುಕೊಳ್ಳಲಿಲ್ಲ. ಪಿಯಾನೋ ಕಲಿತವರಲ್ವಾ, ನೆಗೆಟಿವ್ ಅವರಿಗೆ ಸ್ವರಲಿಪಿ ಇದ್ದ ಹಾಗೆ, ಪ್ರಿಂಟ್ ಅಂದರೆ ಕಛೇರಿ. ಒಂದೇ ನೆಗೆಟಿವ್ ಅನ್ನು ದಶಕಗಳ ಕಾಲ ಕತ್ತಲೆಕೋಣೆಯಲ್ಲಿ ಮತ್ತೆ ಮತ್ತೆ ಪ್ರಿಂಟ್ ಮಾಡಿದರು, ಪ್ರತಿ ಸಲ ಏನಾದರೂ ಬದಲಿಸಿದರು. 1984ರಲ್ಲಿ ತೀರಿಕೊಂಡರು. ಮರುವರ್ಷ ಸಿಯೆರಾ ನೆವಾಡಾದ ಒಂದು ಶಿಖರಕ್ಕೆ ಅವರ ಹೆಸರಿಟ್ಟರು.

ಗಣಿತ ಬಂದರೆ ರಸ ಹೋಗುತ್ತೆ ಅಂತ ಹೇಳೋರು ನಮ್ಮ ಕ್ಯಾಂಪಸ್‌ನಲ್ಲೂ ಇದ್ದಾರೆ. ಅಂಥವರಿಗೆ ಆ ವಂಡರ್ ಲೇಕ್ ಚಿತ್ರ ಒಮ್ಮೆ ತೋರಿಸಿ.