ಸೂಲಗಿತ್ತಿಯರ ಗುರು ಮದಾಂ ದು ಕೂದ್ರೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮ ಎಂದು ನಮ್ಮ ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. 18ನೇ ಶತಮಾನದ ಫ್ರಾನ್ಸಿನ ಹಳ್ಳಿಗಳಲ್ಲಿಯೂ ಹಾಗೆಯೇ ಇತ್ತು. ಅಲ್ಲಿನ ಬಡ ತಾಯಂದಿರಿಗಾಗಿ ಬಾಳು ಸವೆಸಿದವಳು ಅಂಜೆಲಿಕ್ ದು ಕೂದ್ರೆ ಎಂಬ ಸೂಲಗಿತ್ತಿ.

1740ರಲ್ಲಿ ಪ್ಯಾರಿಸ್ಸಿನಲ್ಲಿ ಪರೀಕ್ಷೆ ಮುಗಿಸಿ ಪರವಾನಗಿ ಪಡೆದ ಆಕೆ, ಕೆಲವು ವರ್ಷ ಅಲ್ಲಿಯೇ ಹೆರಿಗೆ ಮಾಡಿಸುತ್ತಿದ್ದಳು. ಆಮೇಲೆ ಓವೆರ್ನ್ ಎಂಬ ಗುಡ್ಡಗಾಡು ಸೀಮೆಯಿಂದ ಕರೆ ಬಂತು. ಅಲ್ಲಿ ಕಂಡ ನೋಟ ಆಕೆಯನ್ನು ಕಂಗೆಡಿಸಿತು. ಮಗು ಹೊಟ್ಟೆಯಲ್ಲಿ ಅಡ್ಡಲಾಗಿ ಮಲಗಿ ಕೈ ಮೊದಲು ಹೊರಬಂದರೆ, ತಿಳಿಯದವರು ಆ ಕೈಯನ್ನೇ ಹಿಡಿದು ಎಳೆಯುತ್ತಿದ್ದರು. ಮಗು ಸಾಯುತ್ತಿತ್ತು, ಇಲ್ಲವೇ ಊನವಾಗುತ್ತಿತ್ತು. ತಾಯಿ ಬದುಕಿದರೂ ಜೀವನಪೂರ್ತಿ ನರಳಬೇಕಾಗುತ್ತಿತ್ತು.

ಇದನ್ನು ಆ ಸೂಲಗಿತ್ತಿಯರ ಕೆಟ್ಟತನವೆನ್ನೋಣವೇ? ಖಂಡಿತ ಅಲ್ಲ. ಊರ ಸೂಲಗಿತ್ತಿ ನಡತೆಯುಳ್ಳವಳೇ, ಸಾಯುವ ಕೂಸಿಗೆ ತುರ್ತು ದೀಕ್ಷಾಸ್ನಾನ ಕೊಡಬಲ್ಲಳೇ ಎಂದು ಧರ್ಮಗುರುಗಳು ವಿಚಾರಿಸುತ್ತಿದ್ದರು. ಅದು ಬೇಕಾದದ್ದೇ. ಆದರೆ ಕೂಸು ಸಾಯದಂತೆ ಹೊರತೆಗೆಯುವುದು ಹೇಗೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಷರ ಬಾರದವಳಿಗೆ ಪುಸ್ತಕ ಕೊಟ್ಟು ಏನು ಪ್ರಯೋಜನ?

ಅದಕ್ಕೇ ದು ಕೂದ್ರೆ ಸೂಜಿ ದಾರ ಹಿಡಿದಳು. ಬಟ್ಟೆ, ತೊಗಲು, ಹತ್ತಿಗಳಿಂದ ಹೆಣ್ಣಿನ ಸೊಂಟದ ಭಾಗವನ್ನು ನಿಜ ಗಾತ್ರದಲ್ಲಿ ಹೊಲಿದಳು. ಒಳಗಿಡಲು ಬಟ್ಟೆಯ ಕೂಸು, ಹೊಕ್ಕುಳಬಳ್ಳಿ, ಮಾಸು, ಅವಳಿ ಕೂಸುಗಳೂ ಇದ್ದವು. ಕೂಸನ್ನು ಬೇಕಾದಂತೆ ತಿರುಗಿಸಿಟ್ಟು, ಒಬ್ಬೊಬ್ಬ ಹೆಂಗಸಿನ ಕೈಯಿಂದಲೂ ಹೆರಿಗೆ ಮಾಡಿಸುತ್ತಿದ್ದಳು. ಕೈ ಹೊರಬಂದಿದ್ದರೆ ಎಳೆಯಬಾರದು. ತನ್ನ ಕೈಯನ್ನು ಮೆಲ್ಲಗೆ ಒಳಸೇರಿಸಿ, ಕೂಸಿನ ಪಾದಗಳನ್ನು ಹುಡುಕಿ, ಮೈ ತಿರುಗಿಸಿ ಕಾಲಿನಿಂದ ತರಬೇಕು. ಮೈಯೆಲ್ಲ ಬಂದು ತಲೆ ಸಿಕ್ಕಿಕೊಂಡರೆ ಬಾಯೊಳಗೆ ಬೆರಳಿಟ್ಟು ಗದ್ದವನ್ನು ಎದೆಗೆ ತಗ್ಗಿಸಬೇಕು. ಇದಕ್ಕೆಂದೇ ಆ ಬೊಂಬೆಯ ಬಾಯಿ ತೆರೆದಿತ್ತು ನೋಡಿ! ಇಂದು ಮಗು ಅಡ್ಡಲಾಗಿದ್ದರೆ ಆಪರೇಷನ್ ಇದೆ. ಆಗ ಕೈಯೇ ಗತಿ.

1758ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯರ ಅಕಾಡೆಮಿ ಈ ಬೊಂಬೆಯನ್ನು ಮೆಚ್ಚಿತು. ಮರುವರ್ಷ ಆಕೆಯ ಪುಸ್ತಕ ಅಚ್ಚಾಯಿತು. ಅದೇ ವರ್ಷ ದೊರೆ 15ನೇ ಲೂಯಿ, ರಾಜ್ಯದಲ್ಲೆಲ್ಲ ಕಲಿಸುವಂತೆ ಆಕೆಗೆ ಅಪ್ಪಣೆಪತ್ರ ಕೊಟ್ಟನು. 1760ರಿಂದ 1783ರವರೆಗೆ ಆಕೆ ಊರಿಂದೂರಿಗೆ ಸಂಚರಿಸಿದಳು, ಅದೂ ಐವತ್ತರ ಆಸುಪಾಸಿನಲ್ಲಿ ಹೊರಟು! ಕಲಿಯುವ ಹೆಂಗಸರನ್ನು ಆರಿಸಿ ಕಳಿಸಲು ಹಳ್ಳಿಯ ಧರ್ಮಗುರುಗಳು ನೆರವಾದರು. ಎರಡು ತಿಂಗಳ ಪಾಠಕ್ಕೆ ಮನೆಮಠ ಬಿಟ್ಟು ಬರುವುದು ಬಡ ಹೆಂಗಸರಿಗೆ ಸುಲಭವಾಗಿರಲಿಲ್ಲ. ಆದರೂ ಆಕೆಯ ಕೈಕೆಳಗೆ ಕಲಿತವರು ಸುಮಾರು 5,000 ಮಂದಿ.

ಆಕೆಗೆ ಸ್ವಂತ ಮಕ್ಕಳಿರಲಿಲ್ಲ. ಮಗಳಂತೆ ಸಾಕಿ ಕಲಿಸಿದ ಮಾರ್ಗರೀತ್ ಮುಂದೆ ಬೋರ್ಡೋ ನಗರದಲ್ಲಿ ಆ ಪಾಠವನ್ನು ಮುಂದುವರಿಸಿದಳು. ಅದೇ ಊರಿನಲ್ಲಿ 1794ರಲ್ಲಿ, ಮಹಾಕ್ರಾಂತಿಯ ಗದ್ದಲದ ನಡುವೆ, ದು ಕೂದ್ರೆ ಕಣ್ಣುಮುಚ್ಚಿದಳು.

ಆಕೆಯ ಬೊಂಬೆಗಳಲ್ಲಿ ಒಂದು ಇಂದಿಗೂ ರುವಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಎಕ್ಸ್‌ರೇ ಹಿಡಿದು ನೋಡಿದಾಗ, ಹೊಲಿದ ಬಟ್ಟೆಯೊಳಗೆ ಕಂಡದ್ದು ನಿಜವಾದ ಹೆಣ್ಣೊಬ್ಬಳ ಸೊಂಟದ ಎಲುಬು.