19 ಸಾವು, ಒಂದು ಬಾಟಲಿ: ಪ್ಲೇಗ್ ಲಸಿಕೆ ಕಂಡುಹಿಡಿದ ಹಾಫ್‌ಕಿನ್ ಕಥೆ

ಸುರಪುರದ ರಂಗಂಪೇಟೆಯಲ್ಲಿ ಒಬ್ಬ ತಾಯಿ ನಾಳೆ ಬೆಳಿಗ್ಗೆ ಮಗುವಿಗೆ ಚುಚ್ಚುಮದ್ದು ಹಾಕಿಸಬೇಕು. ರಾತ್ರಿ ಆಕೆಯ ಮೊಬೈಲಿಗೆ ಹೀಗೊಂದು ಮೆಸೇಜ್ ಬಂತು ಎಂದುಕೊಳ್ಳೋಣ: ಒಂದೇ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಸತ್ತರು, ಲಸಿಕೆ ಮಾಡಿದ ವಿಜ್ಞಾನಿಯನ್ನು ಸರ್ಕಾರವೇ ಅಮಾನತು ಮಾಡಿತು, ಎಲ್ಲರಿಗೂ ಕಳಿಸಿ.

ಇದು ಸುಳ್ಳೇ? ಅಲ್ಲ. 1902ರಲ್ಲಿ 19 ಜನ ಸತ್ತದ್ದು ನಿಜ, ಅಮಾನತು ಮಾಡಿದ್ದೂ ನಿಜ. ಆದರೆ ಇದು ಅರ್ಧ ಸುದ್ದಿ. ಉಳಿದರ್ಧ ತಿಳಿಯಬೇಕಾದರೆ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯ ಬದುಕನ್ನು ನೋಡಬೇಕು. ಅದರಲ್ಲಿ ನಮ್ಮ ಹುಬ್ಬಳ್ಳಿಯೂ ಬರುತ್ತದೆ.

ಡಾಕ್ಟರ್ ಅಲ್ಲದ ವಿಜ್ಞಾನಿ

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಒಡೆಸಾದ ಯಹೂದಿ ಕುಟುಂಬದಲ್ಲಿ. ಓದಿದ್ದು ಪ್ರಾಣಿಶಾಸ್ತ್ರ, ವೈದ್ಯಕೀಯವಲ್ಲ. ಯಹೂದಿಯಾದ್ದರಿಂದ ಅಲ್ಲಿ ಬಡ್ತಿಯ ದಾರಿ ಮುಚ್ಚಿತ್ತು. ದೇಶ ಬಿಟ್ಟು ಪ್ಯಾರಿಸ್ ಸೇರಿ, ಪಾಶ್ಚರ್ ಸಂಸ್ಥೆಯಲ್ಲಿ ಸಿಕ್ಕ ಗ್ರಂಥಪಾಲಕನ ಕೆಲಸ ಹಿಡಿದರು. ಬಿಡುವಿನಲ್ಲಿ ಪ್ರಯೋಗ ಮಾಡುತ್ತಾ 1892ರಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ, ಮೊದಲು ತಮಗೇ ಚುಚ್ಚಿಕೊಂಡರು.

1893ರಲ್ಲಿ ಭಾರತಕ್ಕೆ ಬಂದರು. ಮರುವರ್ಷ ಕಲ್ಕತ್ತಾದ ಒಂದು ಬಸ್ತಿಯಲ್ಲಿ ಸುಮಾರು 200 ಜನರ ಪೈಕಿ 116 ಜನರಿಗೆ ಲಸಿಕೆ ಹಾಕಿದರು. ನಂತರ ಅಲ್ಲಿ 10 ಜನರಿಗೆ ಕಾಲರಾ ಬಂತು, 7 ಜನ ಸತ್ತರು. ಆ ಹತ್ತೂ ಜನ ಲಸಿಕೆ ಹಾಕಿಸಿಕೊಳ್ಳದವರು.

ತುಪ್ಪದ ಹನಿಯ ಕೆಳಗೆ ಬೆಳೆದ ಲಸಿಕೆ

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಸರ್ಕಾರ ಹಾಫ್‌ಕಿನ್ ಅವರನ್ನು ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು. ಪ್ರಯೋಗಾಲಯ ಎಂದರೆ ಇಷ್ಟೇ.

ಪ್ಲೇಗ್ ಬ್ಯಾಕ್ಟೀರಿಯಾವನ್ನು ಅವರು ಮಾಂಸದ ಸಾರಿನಲ್ಲಿ ಬೆಳೆಸಿದರು. ಹಿಂದೂಗಳಿಗೂ ಮುಸ್ಲಿಮರಿಗೂ ಆಕ್ಷೇಪ ಇರಬಾರದೆಂದು ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ತುಪ್ಪ ಅಥವಾ ಕೊಬ್ಬರಿ ಎಣ್ಣೆಯ ಹನಿ ತೇಲಿಬಿಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಂಡು ಜಡೆಯಂತೆ ಕೆಳಗಿಳಿದು ಬೆಳೆಯುತ್ತಿತ್ತು. ಆಮೇಲೆ ಕಾಯಿಸಿ ಎಲ್ಲವನ್ನೂ ಸಾಯಿಸಿ, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸುತ್ತಿದ್ದರು.

ಲಸಿಕೆಯಿಂದಲೇ ರೋಗ ಬರುತ್ತದೆ ಎಂಬ ಭಯಕ್ಕೆ ಉತ್ತರ ಇಲ್ಲೇ ಇದೆ. ಸತ್ತ ಬ್ಯಾಕ್ಟೀರಿಯಾ ಪ್ಲೇಗ್ ತರಲಾರದು. ಆದರೆ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರು ಎಂದು ಗುರುತು ಹಿಡಿದು ತಯಾರಾಗುತ್ತದೆ. ಎರಡು ದಿನದ ಜ್ವರ, ತೋಳುನೋವು ಆ ತಯಾರಿಯ ಲಕ್ಷಣ. 1897ರ ಜನವರಿ 10ರಂದು ಹಾಫ್‌ಕಿನ್ ಈ ಲಸಿಕೆಯನ್ನೂ ಮೊದಲು ತಾವೇ ಚುಚ್ಚಿಸಿಕೊಂಡು ಜ್ವರ ಅನುಭವಿಸಿದರು.

ಅದೇ ತಿಂಗಳ ಕೊನೆಯಲ್ಲಿ ಮುಂಬೈನ ಬೈಕುಲಾ ಜೈಲಿಗೆ ಪ್ಲೇಗ್ ಹೊಕ್ಕಿತು. ಸುಮಾರು ಅರ್ಧದಷ್ಟು ಕೈದಿಗಳು ಲಸಿಕೆಗೆ ಒಪ್ಪಿದರು. ಒಂದೇ ಜೈಲು, ಒಂದೇ ಊಟ, ಒಂದೇ ಗಾಳಿ. ಲಸಿಕೆ ಇಲ್ಲದವರಲ್ಲಿ 12 ಜನರಿಗೆ ರೋಗ ಬಂದು 6 ಜನ ಸತ್ತರು. ಲಸಿಕೆ ಪಡೆದವರಲ್ಲಿ ಇಬ್ಬರಿಗೆ ರೋಗ ಬಂತು, ಯಾರೂ ಸಾಯಲಿಲ್ಲ. ಒಂದು ಮಾತು ಹೇಳಲೇಬೇಕು: ಕೈದಿಯ ಒಪ್ಪಿಗೆ ನಿಜಕ್ಕೂ ಸ್ವಇಚ್ಛೆಯ ಒಪ್ಪಿಗೆಯೇ ಎಂದು ಇಂದಿನ ಸಂಶೋಧನಾ ನಿಯಮಗಳು ಕೇಳುತ್ತವೆ. ಈಗ ಇಂಥ ಪ್ರಯೋಗಕ್ಕೆ ಸುಲಭವಾಗಿ ಅನುಮತಿ ಸಿಗುವುದಿಲ್ಲ.

ಹುಬ್ಬಳ್ಳಿ, 1898

ಮುಂಬೈಯಿಂದ ಪ್ಲೇಗ್ ರೈಲಿನ ಹಾದಿ ಹಿಡಿದು ದಕ್ಷಿಣಕ್ಕೆ ಬಂತು. ಆಗ ಸುರಪುರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹುಬ್ಬಳ್ಳಿ ಮುಂಬೈ ಪ್ರಾಂತ್ಯದಲ್ಲಿತ್ತು. ಇಲಿ ಸತ್ತು ಬಿದ್ದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವನ್ನು ನಮ್ಮ ಮುತ್ತಜ್ಜಂದಿರು ಕಂಡಿದ್ದರು. ಅದು ಮೂಢನಂಬಿಕೆಯಲ್ಲ. ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚಿ ರೋಗ ಹರಡುವುದರಿಂದ, ಊರು ಬಿಟ್ಟವರು ಬದುಕುವ ಸಾಧ್ಯತೆ ಹೆಚ್ಚಿತ್ತು.

ರೈಲ್ವೆ ಕಾರ್ಖಾನೆ, ಹತ್ತಿ ಗಿರಣಿ ಇದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಲಾಯಿತು. ಧಾರವಾಡ, ಗದಗಗಳಲ್ಲೂ ಹಾಕಿದರು. ಲಸಿಕೆ ಪಡೆದವರಲ್ಲಿ ಸಾವು ಬಹಳ ಕಡಿಮೆ ಕಂಡಿತು. ಸರ್ಕಾರ ನೇಮಿಸಿದ ಪ್ಲೇಗ್ ಆಯೋಗ ಈ ಊರುಗಳ ಲೆಕ್ಕವನ್ನು ತಿರುವಿಹಾಕಿ ಕಷ್ಟದ ಪ್ರಶ್ನೆಗಳನ್ನೇ ಕೇಳಿತು. ದಿನದಿಂದ ದಿನಕ್ಕೆ ಜನ ಊರು ಬಿಡುತ್ತಿರುವಾಗ ಲಸಿಕೆ ಇಲ್ಲದವರು ಎಷ್ಟು ಮಂದಿ ಉಳಿದಿದ್ದರು ಎಂದು ಲೆಕ್ಕ ಹಾಕುವುದು ಹೇಗೆ? ಕೊನೆಗೆ ಆಯೋಗ ಒಪ್ಪಿದ್ದು ಇಷ್ಟು: ಅಂಕಿಗಳಲ್ಲಿ ದೋಷವಿದೆ, ಲಸಿಕೆ ಪೂರ್ಣ ರಕ್ಷಣೆಯಲ್ಲ, ಆದರೆ ರೋಗವನ್ನೂ ಸಾವನ್ನೂ ಅದು ಗಣನೀಯವಾಗಿ ಕಡಿಮೆ ಮಾಡುತ್ತದೆ.

ಆ ಒಂದು ಬಾಟಲಿ

ಈಗ 19 ಸಾವಿನ ವಿಷಯಕ್ಕೆ ಬರೋಣ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಐದು ಬಾಟಲಿಗಳಿಂದ ಲಸಿಕೆ ಹಾಕಿದರು. ವಾರದ ನಂತರ 19 ಜನರಿಗೆ ಧನುರ್ವಾಯು ಬಂತು. ಅವರೆಲ್ಲ ಸತ್ತರು. ಆ ಎಲ್ಲರಿಗೂ ಹಾಕಿದ್ದು ಒಂದೇ ಬಾಟಲಿಯ ಮದ್ದು. ಉಳಿದ ನಾಲ್ಕು ಬಾಟಲಿಗಳ ಮದ್ದು ಪಡೆದವರಿಗೆ ಏನೂ ಆಗಲಿಲ್ಲ.

ತನಿಖಾ ಸಮಿತಿ ಮುಂಬೈ ಪ್ರಯೋಗಾಲಯದ್ದೇ ತಪ್ಪು ಎಂದಿತು. ಬೇಗ ಬೇಗ ಲಸಿಕೆ ತಯಾರಿಸಲು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು ಬರೀ ಕಾಯಿಸುವ ವಿಧಾನ ಹಿಡಿದಿದ್ದರು. ಅದೇ ಅವರ ಮೇಲಿನ ಆರೋಪವಾಯಿತು. ಅಮಾನತಾಗಿ, 1904ರಲ್ಲಿ ದೇಶ ಬಿಟ್ಟರು.

ದಾಖಲೆಗಳು ಹೊರಬಂದಾಗ ಬೇರೆ ಚಿತ್ರ ಕಂಡಿತು. ಆ ದಿನ ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು. ಧನುರ್ವಾಯು ರೋಗಾಣು ಇರುವುದೇ ಮಣ್ಣಿನಲ್ಲಿ. ಪ್ರಯೋಗಾಲಯದಲ್ಲೇ ಅದು ಸೇರಿದ್ದರೆ ದಿನಗಟ್ಟಲೆ ಬೆಳೆದು ಮದ್ದು ಕೆಟ್ಟ ವಾಸನೆ ಬರಬೇಕಿತ್ತು. ಬಾಟಲಿ ತೆರೆದಾಗ ಅಂಥ ವಾಸನೆ ಇರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದಕ್ಕೆ ಸಿಕಂದರಾಬಾದಿನಲ್ಲಿ ಸಾಕ್ಷಿ ಕಂಡ ರೊನಾಲ್ಡ್ ರಾಸ್ ಸೇರಿದಂತೆ ಹತ್ತು ವಿಜ್ಞಾನಿಗಳು 1907ರಲ್ಲಿ ಪತ್ರಿಕೆಗೆ ಬರೆದು ಈ ಅನ್ಯಾಯವನ್ನು ಪ್ರಶ್ನಿಸಿದರು. ಅದೇ ವರ್ಷ ಹಾಫ್‌ಕಿನ್ ಆರೋಪಮುಕ್ತರಾದರು.

ಆದರೆ ಕಳೆದ ಐದು ವರ್ಷ ಮರಳಲಿಲ್ಲ. ಭಾರತಕ್ಕೆ ಬಂದರೂ ತಾವು ಕಟ್ಟಿದ ಮುಂಬೈ ಪ್ರಯೋಗಾಲಯ ಅವರಿಗೆ ಸಿಗಲಿಲ್ಲ. ಕಲ್ಕತ್ತಾದಲ್ಲಿ ಸೇವೆ ಮುಗಿಸಿ ನಿವೃತ್ತರಾದರು. 1925ರಲ್ಲಿ ಮುಂಬೈ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಅಷ್ಟರಲ್ಲಿ ಅಲ್ಲಿಂದ ಸುಮಾರು 2 ಕೋಟಿ 60 ಲಕ್ಷ ಡೋಸ್ ಪ್ಲೇಗ್ ಲಸಿಕೆ ಹೊರಹೋಗಿತ್ತು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡರು.

ಹಾಗಾದರೆ ಭಯಪಡಬೇಕೇ?

ಮುಲ್ಕೋವಾಲ್ ದುರಂತವನ್ನು ಮುಚ್ಚಿಡಬೇಕಿಲ್ಲ. 19 ಮನೆಗಳಲ್ಲಿ ದೀಪ ಆರಿತು. ಪಾಠವೂ ಅಲ್ಲೇ ಇದೆ: ಲಸಿಕೆ ಎಷ್ಟೇ ಒಳ್ಳೆಯದಿದ್ದರೂ ಹಾಕುವ ಕೈ, ಸೂಜಿ, ಬಾಟಲಿ ಶುದ್ಧವಿರಬೇಕು. ಆದ್ದರಿಂದಲೇ ಈಗ ಆರೋಗ್ಯ ಕೇಂದ್ರಗಳಲ್ಲಿ ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜ್ ಇದೆ. ದಡಾರ-ರುಬೆಲ್ಲಾ ಲಸಿಕೆಯನ್ನು ಕಲಸಿದ ಮೇಲೆ 4 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಬಿಸಾಡಬೇಕು. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಏನಾದರೂ ತೊಂದರೆಯಾದರೆ ವರದಿ ಮಾಡಿ ತನಿಖೆ ನಡೆಸುವ ವ್ಯವಸ್ಥೆಯೂ ಇದೆ. ಹೊಸ ಸಿರಿಂಜ್ ತೆಗೆದರೇ, ಬಾಟಲಿ ಯಾವಾಗ ತೆರೆದದ್ದು ಎಂದು ನರ್ಸಮ್ಮನನ್ನು ಧೈರ್ಯವಾಗಿ ಕೇಳಿ. ಅದು ನಿಮ್ಮ ಹಕ್ಕು.

ಲಸಿಕೆ ಬಗ್ಗೆ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ. ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಹೀಗಾಯಿತು? ಲಸಿಕೆ ಹಾಕಿಸದವರಿಗೆ ಏನಾಯಿತು? ಕಾರಣ ಏನೆಂದು ಯಾರಾದರೂ ಪರಿಶೀಲಿಸಿದರೇ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ.

ಪ್ಲೇಗಿಗೆ ಇಂದು ಆಂಟಿಬಯೋಟಿಕ್ ಇದೆ, ಮಕ್ಕಳಿಗೆ ಅದರ ಲಸಿಕೆ ಬೇಕಿಲ್ಲ. ಆದರೆ ಆ 19 ಜನರನ್ನು ಕೊಂದ ಧನುರ್ವಾಯುವಿಗೆ ಲಸಿಕೆ ಬಂದಿದೆ. ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಮಕ್ಕಳಿಗೆ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲೇ ಅದು ಸೇರಿದೆ. ರಂಗಂಪೇಟೆಯ ಆ ತಾಯಿ ನಾಳೆ ಮಗುವನ್ನು ಕರೆದುಕೊಂಡು ಹೋಗಲಿ.